ಕರುಣೆ ಅವಳಿಗೆ, ಭಯ ಅವನಿಂದ: 'ಅಂತಿಗೊನೆ'ಯನ್ನು ಅರಿಸ್ಟಾಟಲನ ಜೊತೆ ಓದುವ ಬಗೆ

ಒಂದು ಗ್ರೀಕ್ ನಾಟಕ ಕೊಟ್ಟು 'ಇದು ದುರಂತ ನಾಟಕ ಹೇಗೆ?' ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಒಂದು ಪಟ್ಟಿ ಬರೆಯುತ್ತೇವೆ. ನಾಯಕ ಯಾರು, ಅವನ ದೋಷ ಏನು, ಕೊನೆಗೆ ಯಾರು ಯಾರು ಸತ್ತರು. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೇ ಬರೆದೆ. 'ಅಂತಿಗೊನೆಯ ದೋಷ ಅವಳ ಹಟ' ಅಂತ. ಅಂಕವೂ ಬಂತು. ಆದರೆ ನಾಟಕವನ್ನು ಮತ್ತೆ ಮತ್ತೆ ಓದಿದ ಹಾಗೆ ಆ ವಾಕ್ಯ ಚುಚ್ಚತೊಡಗಿತು. ಒಡಹುಟ್ಟಿದವನ ಹೆಣದ ಮೇಲೆ ಒಂದು ಹಿಡಿ ಮಣ್ಣು ಹಾಕಿದ್ದು ದೋಷ ಹೇಗಾಗುತ್ತದೆ?

ಆ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರೆ ಗ್ರೀಕ್ ನಾಟಕಕಾರ ಸೋಫೊಕ್ಲಿಸನ ಈ ನಾಟಕವೂ ತೆರೆದುಕೊಳ್ಳುತ್ತದೆ, ತತ್ವಜ್ಞಾನಿ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಬರೆದ 'ಕಾವ್ಯಮೀಮಾಂಸೆ'ಯೂ ತೆರೆದುಕೊಳ್ಳುತ್ತದೆ. ಆ ಓದನ್ನು ಹಂತ ಹಂತವಾಗಿ ಹೇಗೆ ಮಾಡುವುದು ಎಂದು ಇಲ್ಲಿ ಬರೆದಿದ್ದೇನೆ. ಪರೀಕ್ಷೆಗೆ ಓದುವವರಿಗೂ ಆಗುತ್ತದೆ, ನಾಟಕ ಆಡಿಸಲು ಹೊರಟ ತಂಡಕ್ಕೂ ಆಗುತ್ತದೆ.

ಹಂತ 1: ಮೊದಲು ನಾಟಕ, ಆಮೇಲೆ ಅರಿಸ್ಟಾಟಲ್

ನಾಟಕವನ್ನು ಒಂದೇ ಸಲಕ್ಕೆ, ನಡುವೆ ಏಳದೆ ಓದಿ. ಮೂಲದಲ್ಲಿ ಇರುವುದು 1353 ಸಾಲು. ಒಂದು ಸಂಜೆ ಸಾಕು. ಕನ್ನಡದಲ್ಲಿ ಪಿ. ಲಂಕೇಶರ ಅನುವಾದ ಇದೆ. ಓದುವಾಗ ಪೆನ್ಸಿಲ್ ಹಿಡಿಯಬೇಡಿ. ಎಲ್ಲಿ ಹೊಟ್ಟೆಯಲ್ಲಿ ಸಂಕಟವಾಯಿತು, ಎಲ್ಲಿ ಸಿಟ್ಟು ಬಂತು ಎಂಬುದು ನೆನಪಿದ್ದರೆ ಸಾಕು. ಅದು ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ಈ ಕ್ರಮಕ್ಕೆ ಕಾರಣ ಇದೆ. 'ಅಂತಿಗೊನೆ' ರಂಗಕ್ಕೆ ಬಂದದ್ದು ಸುಮಾರು ಕ್ರಿ.ಪೂ. 441ರಲ್ಲಿ. ಅರಿಸ್ಟಾಟಲ್ ಹುಟ್ಟಿದ್ದೇ ಕ್ರಿ.ಪೂ. 384ರಲ್ಲಿ. ಅಂದರೆ ನಾಟಕ ಬಂದು ಸುಮಾರು ನೂರು ವರ್ಷ ಕಳೆದ ಮೇಲೆ ಅವನು ದುರಂತ ನಾಟಕದ ಬಗ್ಗೆ ಬರೆದ. ಸೋಫೊಕ್ಲಿಸ್ ಆ ನಿಯಮಗಳನ್ನು ನೋಡಿಕೊಂಡು ಬರೆಯಲಿಲ್ಲ. ಒಳ್ಳೆಯ ನಾಟಕಗಳು ಯಾಕೆ ನಮ್ಮನ್ನು ತಟ್ಟುತ್ತವೆ ಎಂದು ಅರಿಸ್ಟಾಟಲ್ ಹಿಂದಿರುಗಿ ನೋಡಿ ಕಂಡುಕೊಂಡದ್ದು ಅದು. ಹಾಗಾಗಿ 'ನಾಟಕ ನಿಯಮಕ್ಕೆ ಹೊಂದುತ್ತದೆಯೇ' ಎಂದು ಮಾತ್ರ ಕೇಳಿ ನಿಲ್ಲಿಸಬೇಡಿ. 'ನಿಯಮ ನಾಟಕಕ್ಕೆ ಹೊಂದುತ್ತದೆಯೇ' ಎಂದೂ ಕೇಳಿ.

ಆಡುತ್ತಿದ್ದ ಜಾಗವನ್ನೂ ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ದಕ್ಷಿಣ ಇಳಿಜಾರು. ಡಯೊನಿಸಸ್ ದೇವರ ಹಬ್ಬ. ಹಗಲು ಬೆಳಕು, ತೆರೆದ ಬಯಲು, ಮುಖವಾಡ. ಮಾತಾಡುವ ನಟರು ಮೂರೇ ಜನ, ಎಲ್ಲರೂ ಗಂಡಸರು. ಜೊತೆಗೆ ಹಾಡಿ ಕುಣಿಯುವ ಮೇಳ. ಯಕ್ಷಗಾನ, ಬಯಲಾಟ ನೋಡಿದವರಿಗೆ ಇದು ತೀರಾ ಅಪರಿಚಿತ ಅನ್ನಿಸುವುದಿಲ್ಲ.

ಹಂತ 2: ಕಥೆಯನ್ನು 'ಆದ್ದರಿಂದ' ಹಾಕಿ ಬರೆಯಿರಿ

ಅರಿಸ್ಟಾಟಲ್ ದುರಂತ ನಾಟಕದಲ್ಲಿ ಆರು ಅಂಗಗಳನ್ನು ಗುರುತಿಸುತ್ತಾನೆ. ಕಥಾಹಂದರ, ಪಾತ್ರಗಳ ಸ್ವಭಾವ, ವಿಚಾರ, ಮಾತು, ಹಾಡು, ಕಣ್ಣಿಗೆ ಕಾಣುವ ದೃಶ್ಯ. ಇವುಗಳಲ್ಲಿ ಕಥಾಹಂದರವೇ ನಾಟಕದ ಜೀವ ಎನ್ನುತ್ತಾನೆ. ನಾವು ಸಾಮಾನ್ಯವಾಗಿ ಪಾತ್ರದಿಂದ ಶುರು ಮಾಡುತ್ತೇವೆ, ಅಲ್ವಾ? ಅಲ್ಲೇ ದಾರಿ ತಪ್ಪುವುದು. ಘಟನೆಯಿಂದ ಶುರು ಮಾಡಿ.

ಇನ್ನೊಂದು ಮಾತನ್ನೂ ಅವನು ಒತ್ತಿ ಹೇಳುತ್ತಾನೆ. ಒಂದರ ನಂತರ ಇನ್ನೊಂದು ನಡೆಯುವುದು ಬೇರೆ, ಒಂದರಿಂದಾಗಿ ಇನ್ನೊಂದು ನಡೆಯುವುದು ಬೇರೆ. ಹಾಗಾಗಿ ಕಥೆ ಬರೆಯುವಾಗ 'ಆಮೇಲೆ' ಎಂಬ ಪದವನ್ನು ಪೂರ್ತಿ ಬಿಟ್ಟುಬಿಡಿ. 'ಆದ್ದರಿಂದ' ಮಾತ್ರ ಬಳಸಿ. ನಾನು ಮಾಡಿಕೊಂಡದ್ದು ಹೀಗಿದೆ:

ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಥೀಬ್ಸ್ ಪಟ್ಟಣದ ಗದ್ದುಗೆಗಾಗಿ ಹೊಡೆದಾಡಿ ಒಬ್ಬರನ್ನೊಬ್ಬರು ಕೊಂದರು. ಆದ್ದರಿಂದ ಸೋದರಮಾವ ಕ್ರೆಯಾನ್ ದೊರೆಯಾದ. ಊರನ್ನು ಗಟ್ಟಿಯಾಗಿ ಹಿಡಿಯಬೇಕು ಎಂದುಕೊಂಡ. ಆದ್ದರಿಂದ ಊರ ಪರ ಸತ್ತ ಎಟಿಯೋಕ್ಲಿಸನಿಗೆ ಮರ್ಯಾದೆಯ ಸಂಸ್ಕಾರ, ಪರದೇಶದ ಸೈನ್ಯ ತಂದ ಪಾಲಿನೀಸಸನ ಹೆಣ ನಾಯಿ ಹದ್ದುಗಳಿಗೆ ಎಂದು ಸಾರಿದ. ಮಣ್ಣು ಮಾಡಿದವರಿಗೆ ಸಾವು. ಆದ್ದರಿಂದ ತಂಗಿ ಅಂತಿಗೊನೆ ಆಜ್ಞೆ ಮೀರಿ ಮಣ್ಣು ಹಾಕಿದಳು, ಸಿಕ್ಕಿಬಿದ್ದಳು, ಒಪ್ಪಿಕೊಂಡಳು. ಆದ್ದರಿಂದ ಕ್ರೆಯಾನ್ ಅವಳನ್ನು ಜೀವಂತ ಗುಹೆಯಲ್ಲಿ ಮುಚ್ಚಿಸಿದ. ಅವಳು ಅವನ ಮಗ ಹೇಮನ್ ಮದುವೆಯಾಗಬೇಕಿದ್ದ ಹುಡುಗಿ. ಆದ್ದರಿಂದ ಮಗ ತಂದೆಯ ವಿರುದ್ಧ ನಿಂತ. ಅತ್ತ ಕೊಳೆಯುವ ಹೆಣದಿಂದ ದೇವರ ಬಲಿಪೀಠಗಳು ಮೈಲಿಗೆಯಾದವು. ಆದ್ದರಿಂದ ಕುರುಡ ಕಣಿಗಾರ ತೈರೇಸಿಯಸ್ ಬಂದು ಎಚ್ಚರಿಸಿದ. ಕ್ರೆಯಾನ್ ಮೊದಲು ಬೈದ, ಆಮೇಲೆ ಹೆದರಿದ, ಓಡಿದ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಳು. ಆದ್ದರಿಂದ ಹೇಮನ್ ಕತ್ತಿಯಿಂದ ಇರಿದುಕೊಂಡ. ಆದ್ದರಿಂದ ತಾಯಿ ಯೂರಿಡಿಕೆಯೂ ಪ್ರಾಣ ಬಿಟ್ಟಳು.

ಒಂದು ಕಡೆ ನಾನೂ 'ಆಮೇಲೆ' ಬಳಸಬೇಕಾಯಿತು, ನೋಡಿ. ಕ್ರೆಯಾನ್ ಬೈದು ಆಮೇಲೆ ಹೆದರುವ ಜಾಗ. ಅಲ್ಲಿ ಯಾಕೆ ಅವನ ಮನಸ್ಸು ತಿರುಗಿತು? ನಿಮ್ಮ ಪಟ್ಟಿಯಲ್ಲಿ 'ಆದ್ದರಿಂದ' ಸುಲಭಕ್ಕೆ ಕೂರದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಅಲ್ಲಿ ಯಾವಾಗಲೂ ಏನೋ ಇರುತ್ತದೆ. 5ನೇ ಹಂತದಲ್ಲಿ ಅದಕ್ಕೆ ಮರಳುತ್ತೇವೆ.

ಹಂತ 3: ಇದು ಯಾರ ದುರಂತ ಎಂದು ಲೆಕ್ಕ ಹಾಕಿ

ನಾಟಕಕ್ಕೆ ಹೆಸರು ಅವಳದು. ಆದರೆ ಅವಳು ಕೊನೆಯ ಸಲ ರಂಗದಿಂದ ಹೊರಗೆ ಹೋಗುವುದು 943ನೇ ಸಾಲಿನ ಹೊತ್ತಿಗೆ. ಇನ್ನೂ 400ಕ್ಕೂ ಹೆಚ್ಚು ಸಾಲು ಬಾಕಿ ಇದೆ. ಅದೆಲ್ಲ ಕ್ರೆಯಾನನದು. ಅವನ ಹೆದರಿಕೆ, ಅವನ ಓಟ, ಅವನ ಮಗ, ಅವನ ಹೆಂಡತಿ, ಅವನ ಗೋಳು. ಅವಳ ಹೆಣ ರಂಗಕ್ಕೆ ಬರುವುದೂ ಇಲ್ಲ.

ಈಗ 'ಕಾವ್ಯಮೀಮಾಂಸೆ'ಯ 13ನೇ ಅಧ್ಯಾಯ ತೆಗೆಯಿರಿ. ತುಂಬಾ ಒಳ್ಳೆಯವರು ಸುಖದಿಂದ ದುಃಖಕ್ಕೆ ಬೀಳಬಾರದು, ಅದು ಕರುಣೆ ಹುಟ್ಟಿಸುವುದಿಲ್ಲ, ಅಸಹ್ಯ ಹುಟ್ಟಿಸುತ್ತದೆ. ಕಡು ಕೆಟ್ಟವನು ಬಿದ್ದರೆ 'ಹಾಗೇ ಆಗಬೇಕು' ಅನ್ನಿಸುತ್ತದೆ. ಆದ್ದರಿಂದ ನಡುವಿನವನು ಬೇಕು. ಹೆಸರು, ಸ್ಥಾನ ಇರುವ ಮನುಷ್ಯ. ನೀಚತನದಿಂದಲ್ಲ, ಒಂದು ತಪ್ಪಿನಿಂದ (ಅವನ ಪದ 'ಹಮಾರ್ಟಿಯಾ') ಬೀಳುವವನು.

ಈ ಅಳತೆಗೆ ಯಾರು ಹೊಂದುತ್ತಾರೆ? ಕ್ರೆಯಾನ್. ಅವನು ರಾಕ್ಷಸ ಅಲ್ಲ. ಮೊದಲ ಭಾಷಣದಲ್ಲಿ ಊರನ್ನು ಹಡಗಿಗೆ ಹೋಲಿಸುತ್ತಾನೆ. ಹಡಗು ನೆಟ್ಟಗಿದ್ದರೆ ಮಾತ್ರ ಗೆಳೆತನ, ನೆಂಟಸ್ತನ ಎಲ್ಲ ಉಳಿಯುತ್ತದೆ ಎನ್ನುತ್ತಾನೆ. ಆಗ ತಾನೇ ಯುದ್ಧದಿಂದ ಪಾರಾದ ಊರಿನಲ್ಲಿ ಈ ಮಾತು ತಪ್ಪಲ್ಲ. ನೋಡುತ್ತಾ ಕೂತ ಅಥೆನ್ಸಿನವರಿಗೂ ಅದು ವಿಚಿತ್ರ ಅನ್ನಿಸಿರಲಾರದು. ದೇಶದ್ರೋಹಿಯನ್ನು ತಮ್ಮ ನೆಲದಲ್ಲಿ ಹೂಳಬಾರದು ಎಂಬ ಕಟ್ಟಳೆ ಅವರಲ್ಲೂ ಇತ್ತು. ಪರ್ಷಿಯನ್ನರನ್ನು ಸೋಲಿಸಿದ ಥೆಮಿಸ್ಟೊಕ್ಲಿಸನೇ ಆಮೇಲೆ ದ್ರೋಹಿ ಎನಿಸಿಕೊಂಡಾಗ, ಅವನ ಮೂಳೆಗಳನ್ನು ನೆಂಟರು ಗುಟ್ಟಾಗಿ ತಂದು ತಾಯ್ನೆಲದಲ್ಲಿ ಹೂತರು ಎಂಬ ಮಾತನ್ನು ಇತಿಹಾಸಕಾರ ಥುಸಿಡೈಡಿಸ್ ದಾಖಲಿಸಿದ್ದಾನೆ. ಕ್ರೆಯಾನನ ತಪ್ಪು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಊರಾಚೆ ಹೂಳಲೂ ಬಿಡದೆ, ಹೆಣವನ್ನು ಕಣ್ಣೆದುರೇ ಕೊಳೆಯಲು ಬಿಟ್ಟ.

ಹಾಗಾದರೆ ಅಂತಿಗೊನೆ ನಾಯಕಿ ಅಲ್ಲವೇ? ಈ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡಬೇಡಿ. ಕೊನೆಯ ಹಂತದವರೆಗೂ ಜೇಬಿನಲ್ಲಿ ಇಟ್ಟುಕೊಳ್ಳಿ.

ಹಂತ 4: 'ಹಮಾರ್ಟಿಯಾ'ವನ್ನು ಕೈಗೆ ಸಿಗುವ ತಪ್ಪಾಗಿ ಹುಡುಕಿ

ಈ ಒಂದು ಪದದಿಂದ ಆಗಿರುವ ಗೊಂದಲ ಬೇರೆ ಯಾವ ಪದದಿಂದಲೂ ಆಗಿಲ್ಲ. ಗ್ರೀಕಿನಲ್ಲಿ ಅದರ ಬೇರು 'ಗುರಿ ತಪ್ಪು' ಎಂಬ ಅರ್ಥದ ಕ್ರಿಯಾಪದ. ಬಾಣ ಬಿಟ್ಟೆ, ತಾಗಬೇಕಾದಲ್ಲಿ ತಾಗಲಿಲ್ಲ. ಅಷ್ಟೇ. ನಾವು ಅದನ್ನು 'ದುರಂತ ದೋಷ' ಮಾಡಿಕೊಂಡು, ಸ್ವಭಾವದಲ್ಲಿ ಏನೋ ಕೊಳೆ ಇರಲೇಬೇಕು ಎಂದು ಹುಡುಕುತ್ತೇವೆ. ಅಹಂಕಾರ, ಹಟ, ಕೋಪ. ಆ ಪಟ್ಟಿ ಎಲ್ಲ ನಾಟಕಕ್ಕೂ ಒಂದೇ ಆಗಿಬಿಡುತ್ತದೆ.

ಬದಲಿಗೆ ಹೀಗೆ ಕೇಳಿ: ಇವನು ಯಾವುದನ್ನು ಯಾವುದು ಎಂದು ತಪ್ಪಾಗಿ ತಿಳಿದ? ಯಾವ ಕೆಲಸ ಮಾಡಿದ? ಉತ್ತರ ತೈರೇಸಿಯಸನ ಬಾಯಲ್ಲೇ ಇದೆ. ಮೇಲಿರಬೇಕಾದ ಜೀವವನ್ನು ನೆಲದ ಕೆಳಗೆ ಹಾಕಿದೆ, ಕೆಳಗಿರಬೇಕಾದ ಹೆಣವನ್ನು ನೆಲದ ಮೇಲೆ ಇಟ್ಟುಕೊಂಡೆ ಎನ್ನುತ್ತಾನೆ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ಊರಿನ ಕಾನೂನು ಸತ್ತವರ ಮೇಲೂ ನಡೆಯುತ್ತದೆ ಎಂದು ಕ್ರೆಯಾನ್ ತಿಳಿದ. ಅಲ್ಲಿ ಗುರಿ ತಪ್ಪಿತು.

ಇನ್ನೊಂದು ಸಣ್ಣ ಗುರಿ ತಪ್ಪುವಿಕೆ ಇದೆ. ಅವಸರದಲ್ಲಿ ಓದಿದರೆ ಕಾಣುವುದಿಲ್ಲ. ಕ್ರೆಯಾನ್ ಹೆದರಿ 'ಏನು ಮಾಡಲಿ?' ಎಂದಾಗ ಮೇಳದ ಹಿರಿಯರು ಹೇಳುವ ಕ್ರಮ ಗಮನಿಸಿ: ಹೋಗಿ ಹುಡುಗಿಯನ್ನು ಬಿಡಿಸು, ಹೆಣಕ್ಕೆ ಗೋರಿ ಕಟ್ಟು. ದೂತ ಬಂದು ವರದಿ ಹೇಳುವಾಗ ಕ್ರಮ ತಿರುಗಿದೆ. ಮೊದಲು ಹೆಣವನ್ನು ತೊಳೆದು, ಉಳಿದದ್ದನ್ನು ಸುಟ್ಟು, ದಿಬ್ಬ ಕಟ್ಟಿ, ಆಮೇಲೆ ಗುಹೆಯ ಕಡೆ ಹೋದರು. ಮೊದಲು ಗುಹೆಗೆ ಹೋಗಿದ್ದರೆ? ನಾಟಕ ಆ ಮಾತನ್ನು ಎತ್ತುವುದೇ ಇಲ್ಲ. ನನಗೆ ಮಾತ್ರ ಪ್ರತಿ ಸಲ ಓದುವಾಗಲೂ ಅಲ್ಲಿ ಉಸಿರು ನಿಲ್ಲುತ್ತದೆ. ಸತ್ತವನಿಗೆ ಕೊಡಬೇಕಾದ ಮರ್ಯಾದೆ ಕೊನೆಗೂ ಕೊಟ್ಟ, ಬದುಕಿದ್ದವಳಿಗೆ ಕೊಡಬೇಕಾದ ಹೊತ್ತು ಅದರಲ್ಲೇ ಕಳೆದುಹೋಯಿತು.

ಹಂತ 5: ತಿರುವು ಎಲ್ಲಿ, ಅರಿವು ಎಲ್ಲಿ?

ತಿರುವು ಎಂದರೆ ಒಂದು ಫಲಕ್ಕಾಗಿ ಮಾಡಿದ ಕೆಲಸ ಅದಕ್ಕೆ ಉಲ್ಟಾ ಫಲ ಕೊಡುವುದು. ಬರೀ 'ಕಷ್ಟ ಬಂತು' ಎಂಬುದು ತಿರುವು ಅಲ್ಲ. ಅರಿವು ಎಂದರೆ ಗೊತ್ತಿಲ್ಲದ್ದು ಗೊತ್ತಾಗುವುದು. ಎರಡೂ ಒಟ್ಟಿಗೆ ಬಂದರೆ ಅತ್ಯುತ್ತಮ ಎನ್ನುತ್ತಾನೆ ಅರಿಸ್ಟಾಟಲ್. ಅದಕ್ಕೆ ಅವನು ಕೊಡುವ ಉದಾಹರಣೆ ಸೋಫೊಕ್ಲಿಸನದೇ 'ದೊರೆ ಈಡಿಪಸ್'. ಅಲ್ಲಿ ಧೈರ್ಯ ಹೇಳಲು ಬಂದ ದೂತನ ಮಾತಿನಿಂದಲೇ, ಈಡಿಪಸ್ ಗೊತ್ತಿಲ್ಲದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದದ್ದೆಲ್ಲ ಬಯಲಾಗುತ್ತದೆ.

'ಅಂತಿಗೊನೆ'ಯಲ್ಲಿ ತಿರುವು ಸುಲಭಕ್ಕೆ ಸಿಗುತ್ತದೆ. ಊರನ್ನು ಕಾಪಾಡಲು ಹೊರಡಿಸಿದ ಆಜ್ಞೆಯೇ ಊರಿಗೆ ಮೈಲಿಗೆ ತಂದಿತು. ಬಲಿಯ ಬೆಂಕಿ ಹತ್ತುತ್ತಿಲ್ಲ, ಹಕ್ಕಿಗಳು ಅರ್ಥವಿಲ್ಲದೆ ಕಿರುಚುತ್ತಿವೆ. ಹಡಗಿನ ಮಾತು ಆಡಿದವನೇ ಹಡಗು ಮುಳುಗಿಸುತ್ತಿದ್ದಾನೆ. ಇದೇ ಹೋಲಿಕೆಯನ್ನು ಮಗ ಹೇಮನ್ ಮೊದಲೇ ತಿರುಗಿಸಿ ಹೇಳಿದ್ದ. ಪ್ರವಾಹದಲ್ಲಿ ಬಾಗಿದ ಮರ ಉಳಿಯುತ್ತದೆ, ಸೆಟೆದು ನಿಂತದ್ದು ಬುಡಸಮೇತ ಹೋಗುತ್ತದೆ. ಹಾಯಿಯ ಹಗ್ಗ ಸಡಿಲಿಸದವನು ದೋಣಿ ಮಗುಚಿ ಹೋಗುತ್ತಾನೆ.

ಅರಿವಿನ ಜಾಗಕ್ಕೆ ಬಂದಾಗ ಕಷ್ಟ. ಈಡಿಪಸ್‌ಗೆ ತಾನು ಯಾರೆಂದು ಗೊತ್ತಿರಲಿಲ್ಲ. ಕ್ರೆಯಾನನಿಗೆ ಎಲ್ಲರೂ ಗೊತ್ತು. ಅಂತಿಗೊನೆ ಸೊಸೆಯಾಗುವವಳು ಎಂದು ಗೊತ್ತು, ಸತ್ತವನು ಸೋದರಳಿಯ ಎಂದು ಗೊತ್ತು. ಅವನಿಗೆ ತಿಳಿಯಬೇಕಿದ್ದದ್ದು ಯಾರದೋ ಗುರುತಲ್ಲ, ತನ್ನ ಕೆಲಸದ ತೂಕ. ಹೇಮನ್ ಹೇಳಿದ, ಕೇಳಲಿಲ್ಲ. ತೈರೇಸಿಯಸ್ ಹೇಳಿದ, ಬೈದ. 'ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನೇ ಹೆಣಕ್ಕೆ ಬದಲಾಗಿ ಕೊಡುತ್ತೀಯೆ' ಎಂಬ ಮಾತು ಬಿದ್ದ ಮೇಲೆ ಮಾತ್ರ ಅಲುಗಿದ. 2ನೇ ಹಂತದ ಪಟ್ಟಿಯಲ್ಲಿ 'ಆದ್ದರಿಂದ' ಕೂರದೆ ಹೋದದ್ದು ಇಲ್ಲೇ. ಊರಿನ ಹಿತ ಹೇಳಿದಾಗ ಬಗ್ಗದವನು ಮಗನ ಜೀವದ ಮಾತಿಗೆ ಬಗ್ಗಿದ. ಊರೇ ಮೊದಲು, ನೆಂಟರು ಆಮೇಲೆ ಎಂದು ಭಾಷಣ ಮಾಡಿದ ದೊರೆ ಆ ಕ್ಷಣದಲ್ಲಿ ಸುಮ್ನೆ ಒಬ್ಬ ಅಪ್ಪ. ಅಂದರೆ ಅಂತಿಗೊನೆ ನಿಂತಿದ್ದ ಜಾಗಕ್ಕೆ ಅವನೂ ಬಂದು ನಿಂತ. ಇದನ್ನು ಅರಿವು ಎನ್ನದೆ ಇನ್ನೇನೆನ್ನುವುದು? ನಂತರ ಮೇಳ ಅವನಿಗೆ ಹೇಳುವ ಮಾತು ಒಂದೇ ಸಾಲು: ನ್ಯಾಯ ಯಾವುದೆಂದು ಕಂಡೆ, ತಡವಾಗಿ ಕಂಡೆ.

ಇಲ್ಲಿ ಅರಿಸ್ಟಾಟಲನದೇ ಒಂದು ತಕರಾರು ಇದೆ, ಅದನ್ನೂ ಬಿಡಬೇಡಿ. 14ನೇ ಅಧ್ಯಾಯದಲ್ಲಿ ಅವನು ಈ ನಾಟಕವನ್ನು ಹೆಸರಿಸುತ್ತಾನೆ. ಎಲ್ಲ ಗೊತ್ತಿದ್ದೂ ಕೊಲ್ಲಲು ಹೊರಟು ಕೊಲ್ಲದೇ ಇರುವುದು ಎಲ್ಲಕ್ಕಿಂತ ಕೆಳಮಟ್ಟದ ಸನ್ನಿವೇಶ ಎಂದು ಹೇಳಿ, ಹೇಮನ್ ತಂದೆಯ ಮೇಲೆ ಕತ್ತಿ ಎತ್ತುವುದನ್ನು ಉದಾಹರಿಸುತ್ತಾನೆ. ನನಗೆ ಇದು ಒಪ್ಪಿಗೆಯಿಲ್ಲ. ಹೇಮನ್ ಕತ್ತಿ ಎತ್ತಿ ಸುಮ್ಮನಾಗುವುದಿಲ್ಲ. ಗುರಿ ತಪ್ಪುತ್ತದೆ, ತನ್ನ ಮೇಲೇ ಸಿಟ್ಟಾಗಿ ಅದೇ ಕತ್ತಿಯನ್ನು ತನ್ನ ಪಕ್ಕೆಗೆ ಇಳಿಸಿಕೊಳ್ಳುತ್ತಾನೆ. ಆ ಏಟು ತಂದೆಗೆ ಬೇರೆ ದಾರಿಯಲ್ಲಿ ತಾಗಿಯೇ ತಾಗುತ್ತದೆ. ನೀವೂ ಆ ದೂತನ ಮಾತು ಓದಿ ನಿಮ್ಮದೇ ತೀರ್ಮಾನಕ್ಕೆ ಬನ್ನಿ. ದೊಡ್ಡವರು ಹೇಳಿದ್ದಾರೆ ಎಂದು ಒಪ್ಪಬೇಕಾಗಿಲ್ಲ.

ಹಂತ 6: ಮೇಳದ ಹಾಡುಗಳನ್ನು ಹಾರಿಸಬೇಡಿ

ಮೇಳವೂ ನಟರಲ್ಲಿ ಒಬ್ಬರಂತೆ ಇರಬೇಕು, ಸೋಫೊಕ್ಲಿಸನಲ್ಲಿ ಇರುವ ಹಾಗೆ, ಎನ್ನುತ್ತಾನೆ ಅರಿಸ್ಟಾಟಲ್. ಪ್ರತಿ ಹಾಡಿಗೂ ಒಂದೇ ಪ್ರಶ್ನೆ ಕೇಳಿ: ಇದು ಯಾರ ಬಗ್ಗೆ?

ಮೇಳ ರಂಗಕ್ಕೆ ಬರುತ್ತಾ ಹಾಡುವ ಹಾಡಿನ ನಂತರದ ಹಾಡು ಪ್ರಸಿದ್ಧ. ಲೋಕದಲ್ಲಿ ಅಚ್ಚರಿಗಳು ಬಹಳ, ಮನುಷ್ಯನಿಗಿಂತ ದೊಡ್ಡ ಅಚ್ಚರಿ ಇಲ್ಲ. ಕಡಲು ದಾಟುತ್ತಾನೆ, ನೆಲ ಉಳುತ್ತಾನೆ, ಸಾವೊಂದನ್ನು ಬಿಟ್ಟು ಎಲ್ಲಕ್ಕೂ ಉಪಾಯ ಕಂಡಿದ್ದಾನೆ. ಅಲ್ಲಿನ ಗ್ರೀಕ್ ಪದ 'ದೈನೊಸ್' ಎಂಬುದಕ್ಕೆ ಅದ್ಭುತ ಎಂಬ ಅರ್ಥವೂ ಇದೆ, ಭೀಕರ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಎರಡನ್ನೂ ಹೊತ್ತ ಒಂದು ಪದ ನನಗೆ ಇನ್ನೂ ಸಿಕ್ಕಿಲ್ಲ. ಹಾಡು ಬರುವುದು ಯಾರೋ ಹೆಣಕ್ಕೆ ಮಣ್ಣು ಹಾಕಿದ್ದಾರೆ ಎಂಬ ಸುದ್ದಿಯ ಬೆನ್ನಿಗೆ. ಹಾಡುವ ಹಿರಿಯರು ಕಾನೂನು ಮುರಿದವರನ್ನು ಮನಸ್ಸಿನಲ್ಲಿಟ್ಟು ಹಾಡುತ್ತಿರಬಹುದು. ಆದರೆ ಸಾವಿನ ಎದುರು ಮಾತ್ರ ಉಪಾಯ ಇಲ್ಲದವನು ಯಾರೆಂದು ನಾಟಕದ ಕೊನೆಯಲ್ಲಿ ಗೊತ್ತಾಗುತ್ತದೆ.

ಹಂತ 7: ಕರುಣೆ ಯಾರಿಗೆ, ಭಯ ಯಾರಿಂದ?

'ಕೆಥಾರ್ಸಿಸ್' (ಕರುಣೆ, ಭಯಗಳ ಮೂಲಕ ಆಗುವ ಭಾವಶುದ್ಧಿ) ಎಂಬ ಪದ ದುರಂತ ನಾಟಕಕ್ಕೆ ಅರಿಸ್ಟಾಟಲ್ ಕೊಡುವ ವ್ಯಾಖ್ಯೆಯಲ್ಲಿ ಬರುತ್ತದೆ, ಆದರೆ ಅವನು ಅದನ್ನು ಬಿಡಿಸಿ ಹೇಳುವುದಿಲ್ಲ. ಇನ್ನೊಂದು ಗ್ರಂಥದಲ್ಲಿ, ಕಾವ್ಯದ ಬಗ್ಗೆ ಹೇಳುವಾಗ ವಿವರಿಸುತ್ತೇನೆ ಎಂದಿದ್ದಾನೆ. ನಮಗೆ ಸಿಕ್ಕಿರುವ ಪಠ್ಯದಲ್ಲಿ ಆ ವಿವರಣೆ ಇಲ್ಲ. ಹಾಗಾಗಿ ಆ ಪದದ ಮೇಲೆ ಪುಟಗಟ್ಟಲೆ ಬರೆಯುವ ಬದಲು ಅವನು ಸ್ಪಷ್ಟವಾಗಿ ಹೇಳಿದ್ದನ್ನು ಹಿಡಿಯಿರಿ. ಕರುಣೆ ಹುಟ್ಟುವುದು ತಪ್ಪಿಲ್ಲದೆ ನೋಯುವವರನ್ನು ಕಂಡಾಗ. ಭಯ ಹುಟ್ಟುವುದು ನಮ್ಮಂಥವರೇ ನೋಯುವುದನ್ನು ಕಂಡಾಗ.

ನಮ್ಮ ರಸದ ಪಾಠ ಇಲ್ಲಿ ಅಡ್ಡ ಬರಬಹುದು. ಕರುಣರಸ, ಭಯಾನಕರಸ ಎಂದು ಬರೆದು ಮುಗಿಸಲು ಕೈ ಹೋಗುತ್ತದೆ. ರಸ ಎಂದರೆ ನೋಡುವವನು ಸವಿಯುವ ಅನುಭವ. ಅರಿಸ್ಟಾಟಲ್ ಕೇಳುವುದು, ಕಥೆಯನ್ನು ಹೇಗೆ ಕಟ್ಟಿದರೆ ಈ ಭಾವ ಹುಟ್ಟುತ್ತದೆ ಎಂದು. ಎರಡನ್ನೂ ಬೆರೆಸಬೇಡಿ.

ಈಗ ಮೊದಲ ಓದಿನಲ್ಲಿ ನಿಮಗಾದದ್ದನ್ನು ನೆನೆಸಿಕೊಳ್ಳಿ. ತಪ್ಪಿಲ್ಲದೆ ನೋಯುವವಳು ಯಾರು? ಅಂತಿಗೊನೆ. ದ್ವೇಷದಲ್ಲಿ ಪಾಲು ಹಂಚಿಕೊಳ್ಳಲು ಹುಟ್ಟಿದವಳಲ್ಲ, ಪ್ರೀತಿಯಲ್ಲಿ ಪಾಲು ಹಂಚಿಕೊಳ್ಳಲು ಹುಟ್ಟಿದವಳು ನಾನು ಎನ್ನುವ ಹುಡುಗಿ ಮದುವೆಯ ಹಾಡಿಲ್ಲದೆ ಗುಹೆಗೆ ನಡೆಯುತ್ತಾಳೆ. ನಮ್ಮಂಥವನು ಯಾರು? ಕ್ರೆಯಾನ್. ಮನೆಯಲ್ಲಿ, ಕಚೇರಿಯಲ್ಲಿ ಒಂದು ಮಾತು ಆಡಿಬಿಟ್ಟು, ಅದು ತಪ್ಪೆಂದು ಒಳಗೇ ಅನ್ನಿಸುತ್ತಿದ್ದರೂ ಹಿಂದೆ ತೆಗೆದುಕೊಳ್ಳಲಾಗದೆ ನಿಂತ ಯಾರಿಗಾದರೂ ಅವನು ಗೊತ್ತು. ಅರಿಸ್ಟಾಟಲ್ ಒಬ್ಬನೇ ನಾಯಕನಲ್ಲಿ ಹುಡುಕಿದ ಎರಡು ಭಾವಗಳನ್ನು ಸೋಫೊಕ್ಲಿಸ್ ಇಬ್ಬರಿಗೆ ಹಂಚಿದ್ದಾನೆ. ಕರುಣೆ ಅವಳಿಗೆ, ಭಯ ಅವನಿಂದ. ಜೇಬಿನಲ್ಲಿಟ್ಟ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು. ಒಬ್ಬಳನ್ನೇ ನಾಯಕಿ ಮಾಡಹೊರಟರೆ ಅವಳಿಗೊಂದು ದೋಷ ಅಂಟಿಸಬೇಕಾಗುತ್ತದೆ. ಒಬ್ಬನನ್ನೇ ನಾಯಕ ಮಾಡಿದರೆ ಮೊದಲ 900 ಸಾಲು ಬರೀ ಪೀಠಿಕೆ ಆಗಿಬಿಡುತ್ತದೆ.

ಹಂತ 8: ಹೊಂದದ ಜಾಗವನ್ನು ಮುಚ್ಚಿಡಬೇಡಿ

ಒಂದು ಜಾಗ ಯಾರನ್ನೂ ಕಾಡದೆ ಬಿಟ್ಟಿಲ್ಲ. ಸಾಯುವ ಮುಂಚೆ, 904ನೇ ಸಾಲಿನಿಂದ ಮುಂದೆ, ಅಂತಿಗೊನೆ ಹೇಳುತ್ತಾಳೆ: ಗಂಡ ಅಥವಾ ಮಗು ಸತ್ತಿದ್ದರೆ ಕಾನೂನು ಮೀರುತ್ತಿರಲಿಲ್ಲ. ಗಂಡ ಇನ್ನೊಬ್ಬ ಸಿಗಬಹುದು, ಮಗು ಇನ್ನೊಂದು ಆಗಬಹುದು. ತಂದೆ ತಾಯಿ ಇಲ್ಲದ ಮೇಲೆ ಇನ್ನೊಬ್ಬ ಒಡಹುಟ್ಟಿದವನು ಎಲ್ಲಿಂದ ಬರಬೇಕು? ಮೊದಲು ಕ್ರೆಯಾನನ ಎದುರು, ದೇವರ ಬರೆಯದ ಕಟ್ಟಳೆಗಳು ನಿನ್ನ ಆಜ್ಞೆಗಿಂತ ದೊಡ್ಡವು ಎಂದು ಅಷ್ಟು ಎತ್ತರದಲ್ಲಿ ಮಾತಾಡಿದವಳು ಇಲ್ಲಿ ಲೆಕ್ಕ ಹೇಳುತ್ತಿದ್ದಾಳೆ. ಜರ್ಮನ್ ಕವಿ ಗಯಟೆಗೆ ಈ ಸಾಲುಗಳು ಎಷ್ಟು ಇರಿಸುಮುರಿಸಾಗಿದ್ದವೆಂದರೆ, ಇವು ಸೋಫೊಕ್ಲಿಸನವಲ್ಲ ಎಂದು ಯಾರಾದರೂ ಸಾಬೀತು ಮಾಡಲಿ ಎಂದು ಆಸೆಪಟ್ಟ. ಆದರೆ ಅರಿಸ್ಟಾಟಲ್ ತನ್ನ 'ಭಾಷಣಕಲೆ'ಯಲ್ಲಿ ಇದನ್ನು ಅಂತಿಗೊನೆಯ ಮಾತೆಂದೇ ಉಲ್ಲೇಖಿಸುತ್ತಾನೆ. ಹೆರೊಡೊಟಸನ ಇತಿಹಾಸದಲ್ಲೂ ಪರ್ಷಿಯದ ಹೆಂಗಸೊಬ್ಬಳು ಇದೇ ವಾದ ಹೇಳುವ ಕಥೆ ಇದೆ.

ಪಾತ್ರದ ಸ್ವಭಾವ ಒಂದೇ ಹದದಲ್ಲಿ ಇರಬೇಕು ಎನ್ನುತ್ತಾನೆ ಅರಿಸ್ಟಾಟಲ್. ಈ ಸಾಲುಗಳು ಆ ಹದ ಮೀರುತ್ತವೆಯೇ? ನನ್ನ ಓದಿನಲ್ಲಿ ಇಲ್ಲ. ಸಾವಿನ ಬಾಗಿಲಲ್ಲಿ ನಿಂತ ಹುಡುಗಿ ತಾನು ಯಾಕೆ ಹೀಗೆ ಮಾಡಿದೆ ಎಂದು ತನಗೇ ಹೇಳಿಕೊಳ್ಳುತ್ತಾಳೆ. ತತ್ವಕ್ಕೆ ಅಂಟಿಕೊಂಡ ಬೊಂಬೆ ಅಲ್ಲ ಅವಳು ಎಂದು ಇಲ್ಲೇ ಗೊತ್ತಾಗುವುದು. ನೀವು ಬೇರೆ ಬರೆಯಬಹುದು. ಬರೆಯದೇ ಬಿಡಬೇಡಿ.

ಉತ್ತರ ಬರೆಯುವಾಗ

ಮೊದಲ ವಾಕ್ಯದಲ್ಲೇ ನಿಮ್ಮ ವಾದ ಇರಲಿ. 'ಸೋಫೊಕ್ಲಿಸ್ ಪ್ರಸಿದ್ಧ ನಾಟಕಕಾರ' ಎಂದು ಶುರು ಮಾಡಬೇಡಿ. ಅರಿಸ್ಟಾಟಲನ ಪ್ರತಿ ಪದಕ್ಕೂ ನಾಟಕದ ಒಂದು ಘಟನೆ ಜೊತೆಗಿರಲಿ. 'ಮೂರು ಐಕ್ಯಗಳು' ಎಂದು ಬರೆಯುವ ಮುಂಚೆ ನೆನಪಿಡಿ: ಅರಿಸ್ಟಾಟಲ್ ಪಟ್ಟು ಹಿಡಿದದ್ದು ಕ್ರಿಯೆಯ ಐಕ್ಯಕ್ಕೆ ಮಾತ್ರ. ಕಾಲದ ಬಗ್ಗೆ, ದುರಂತ ನಾಟಕ ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯಲು ನೋಡುತ್ತದೆ ಎಂದಷ್ಟೇ ಹೇಳಿದ. ಸ್ಥಳದ ಐಕ್ಯವನ್ನು ಸೇರಿಸಿ ನಿಯಮ ಮಾಡಿದ್ದು 1570ರ ಹೊತ್ತಿಗೆ, ಇಟಲಿಯ ವಿಮರ್ಶಕ ಕ್ಯಾಸ್ಟೆಲ್ವೆಟ್ರೊ.

ಇದೇ ಹಂತಗಳನ್ನು ಇನ್ನೊಂದು ನಾಟಕದ ಮೇಲೆ ನೀವೇ ಮಾಡಿ ನೋಡಬೇಕೆಂದರೆ ಸೋಫೊಕ್ಲಿಸನ 'ಏಜಾಕ್ಸ್' ತೆಗೆದುಕೊಳ್ಳಿ. ಅಲ್ಲೂ ಹೆಣ ಹೂಳಬೇಕೋ ಬೇಡವೋ ಎಂಬ ಜಗಳ ಇದೆ. ಅಲ್ಲಿ ನಾಯಕ ಸಾಯುವುದು 1420 ಸಾಲುಗಳಲ್ಲಿ 865ನೆಯದರ ಹೊತ್ತಿಗೆ. ಬಿ.ಎಂ.ಶ್ರೀ ಅದೇ ನಾಟಕವನ್ನು ಮಹಾಭಾರತದ ಕಥೆಗೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಎರಡನ್ನೂ ಅಕ್ಕಪಕ್ಕ ಇಟ್ಟು, 3ನೇ ಹಂತದ ಲೆಕ್ಕದಿಂದ ಶುರು ಮಾಡಿ.